ಎತ್ತರದ ಭಯ ಮತ್ತು ನಾಲ್ಕು ಮೊಳದ ನೋಟ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರುವಾಗ ನಡುದಾರಿಯಲ್ಲಿ ಬಂಡೆಗೆ ಕೈಯಾನಿಸಿ ಕುಳಿತುಬಿಡುವ ಯಾತ್ರಿಕರನ್ನು ಅನೇಕರು ಕಂಡಿರಬಹುದು. ಅವರೆಲ್ಲರೂ ದಣಿದು ಕುಳಿತವರಲ್ಲ. ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳು, ನೆಲದಿಂದ ಸುಮಾರು 470 ಅಡಿ ಎತ್ತರ. ಒಮ್ಮೆ ಹಿಂತಿರುಗಿ ಕೆಳಗಿನ ಕಲ್ಯಾಣಿಯತ್ತ ನೋಡಿದರೆ ಸಾಕು, ಕೆಲವರ ಅಂಗಾಲು ಬೆವರುತ್ತದೆ, ಮೊಣಕಾಲಿನ ಬಲ ಉಡುಗುತ್ತದೆ. ಜೊತೆಯವರು ನಗುತ್ತಾರೆ. ‘ಸ್ವಾಮಿಯ ಬೆಟ್ಟದಲ್ಲಿ ಎಂಥ ಭಯ? ನಿನ್ನ ಭಕ್ತಿಯೇ ಸಾಲದು’ ಎನ್ನುತ್ತಾರೆ. ಈ ಮಾತು ಶಾಸ್ತ್ರಕ್ಕೆ ಸಮ್ಮತವೇ?

ಉತ್ತರವನ್ನು ಅರಸಿ ದೂರ ಹೋಗಬೇಕಿಲ್ಲ. ಆ ಬೆಟ್ಟದ ಮೇಲೆ 58 ಅಡಿಯ ಬಾಹುಬಲಿ ಮೂರ್ತಿಯನ್ನು ಕ್ರಿ.ಶ. 981ರ ಸುಮಾರಿಗೆ ಸ್ಥಾಪಿಸಿದ ಚಾವುಂಡರಾಯನಿಗೆ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗುರುಗಳು. ‘ಗೊಮ್ಮಟ’ನೆಂಬ ಹೆಸರೂ ಇದ್ದ ಆ ಶಿಷ್ಯನ ನಿಮಿತ್ತವಾಗಿ ಅವರು ರಚಿಸಿದ ಗ್ರಂಥವೇ ಗೊಮ್ಮಟಸಾರ. ಅದರ ಜೀವಕಾಂಡದಲ್ಲಿ ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳ ವಿಚಾರವಿದೆ. ಭಯಸಂಜ್ಞೆ ಹುಟ್ಟಲು ಆಚಾರ್ಯರು ನಾಲ್ಕು ಕಾರಣ ಹೇಳುತ್ತಾರೆ: ಭೀಕರವಾದುದನ್ನು ಕಾಣುವುದು, ಅದರಲ್ಲಿಯೇ ಉಪಯೋಗವನ್ನು ನೆಡುವುದು, ಶಕ್ತಿಹೀನತೆ, ಒಳಗಿನ ಭಯಕರ್ಮದ ಉದೀರಣೆ. ಭಕ್ತಿಯ ಕೊರತೆ ಎಂಬುದು ಈ ನಾಲ್ಕರಲ್ಲಿ ಇಲ್ಲ.

ಭಯವು ಒಂಬತ್ತು ನೋಕಷಾಯಗಳಲ್ಲಿ ಒಂದು, ಚಾರಿತ್ರಮೋಹನೀಯಕ್ಕೆ ಸೇರಿದ್ದು. ಅದರ ಉದಯ ಎಂಟನೆಯ ಗುಣಸ್ಥಾನದವರೆಗೂ ಉಂಟು. ಎಂದರೆ ಮಹಾವ್ರತಿಗಳಾದ ಮುನಿಗಳಲ್ಲಿಯೂ ಸೂಕ್ಷ್ಮವಾಗಿ ಉಳಿಯುವ ಕರ್ಮವಿದು. ಐದನೆಯದನ್ನು ದಾಟದ ಗೃಹಸ್ಥನು ಮತ್ತೊಬ್ಬ ಗೃಹಸ್ಥನನ್ನು ಕಂಡು ನಗುವುದು ಹೇಗೆ? ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂದು ಹೇಳಿಲ್ಲವೇ ಎಂದು ಕೆಲವರು ಕೇಳಬಹುದು. ಅದು ನಿಶ್ಶಂಕಿತ ಅಂಗದ ಮಾತು. ಶರೀರ ಬಿದ್ದರೆ ‘ನಾನು’ ನಾಶವಾದೆನೆಂಬ ಶ್ರದ್ಧೆ ಅವನಿಗಿಲ್ಲ. ಕಾಲು ನಡುಗುವುದು ಬೇರೆ, ಶ್ರದ್ಧೆ ನಡುಗುವುದು ಬೇರೆ. ಇವೆರಡನ್ನೂ ಕಲಸಿ ಬಡಪಾಯಿ ಯಾತ್ರಿಕನನ್ನು ಮಿಥ್ಯಾದೃಷ್ಟಿಯ ಸಾಲಿಗೆ ನೂಕುವವರ ಅವಸರ ನನಗೆ ಅರ್ಥವಾಗುವುದಿಲ್ಲ.

ಯಾತ್ರೆಗೆ ಹೋಗದೆಯೂ ಇರಬಹುದು. ಹೊಟ್ಟೆಪಾಡಿಗಾಗಿ ನಿತ್ಯ ಎತ್ತರವೇರುವವರಿಗೆ ಆ ಅನುಕೂಲವಿಲ್ಲ. ನಮ್ಮ ಹುಕ್ಕೇರಿ, ಗೋಕಾಕ ಸೀಮೆಯಲ್ಲಿಯೇ ಸಕ್ಕರೆ ಕಾರ್ಖಾನೆಯ ಚಿಮಣಿ, ವಿದ್ಯುತ್ ಕಂಬ, ಬಸದಿಯ ಶಿಖರಕ್ಕೆ ಬಣ್ಣ ಬಳಿಯಲು ಕಟ್ಟಿದ ಅಟ್ಟಣಿಗೆ, ಹೀಗೆ ಎತ್ತರದ ಕೆಲಸ ಎಷ್ಟೊಂದು! ದಡ್ಡಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವರ್ಷಗಳಿಂದ ಕಂಬ ಹತ್ತುವವನು. ಶಾಲೆಯಲ್ಲಿದ್ದಾಗ ಮಾಳಿಗೆಯ ಅಂಚಿಗೂ ಬಾರದ ಹುಡುಗ. ಅಂಜಿಕೆ ಹೇಗೆ ಹೋಯಿತೆಂದು ಕೇಳಿದೆ. “ಎಲ್ಲಿ ಹೋಗೈತ್ರಿ ಸರ, ಇನ್ನೂ ಐತ್ರಿ. ಬೆಲ್ಟ್ ಬಿಗಿ ಐತೋ ಇಲ್ಲೋ ಎರಡ ಸಲ ನೋಡ್ತೀನ್ರಿ. ಮುಂದ ಕೈ ಎಲ್ಲಿ ಇಡೂದೈತಿ, ಅಷ್ಟ ನೋಡ್ತೀನಿ. ಕೆಳಗಿಂದು ನೆನಸೂದ ಇಲ್ರಿ” ಎಂದ.

ಅವನು ಗೊಮ್ಮಟಸಾರ ಓದಿದವನಲ್ಲ. ಆದರೂ ನಾಲ್ಕು ಕಾರಣಗಳಲ್ಲಿ ಮನುಷ್ಯನ ಕೈಗೆ ಸಿಗುವ ಎರಡನ್ನು ಸರಿಯಾಗಿ ಹಿಡಿದಿದ್ದಾನೆ. ಎತ್ತರವನ್ನು ತಗ್ಗಿಸಲಾಗದು, ಕರ್ಮದ ಉದಯವನ್ನು ಆ ಕ್ಷಣದಲ್ಲಿ ತಡೆಯಲಾಗದು. ಬೆಲ್ಟು, ಹಗ್ಗ, ಅಭ್ಯಾಸಗಳಿಂದ ಶಕ್ತಿಹೀನತೆಯನ್ನು ಕುಗ್ಗಿಸಬಹುದು. ಉಪಯೋಗವನ್ನು ಪ್ರಪಾತದಿಂದ ಕೈಯ ಕೆಲಸಕ್ಕೆ ತಿರುಗಿಸಬಹುದು.

ಮುನಿಗಳ ಈರ್ಯಾಸಮಿತಿ ಇಲ್ಲಿ ನೆನಪಾಗುತ್ತದೆ. ನಡೆಯುವಾಗ ನಾಲ್ಕು ಮೊಳ ಮುಂದಿನ ನೆಲವನ್ನಷ್ಟೇ ನೋಡಿ ಹೆಜ್ಜೆಯಿಡಬೇಕೆಂಬುದು ಜೀವರಕ್ಷಣೆಗಾಗಿ ಹೇಳಿದ ನಿಯಮ. ಅದನ್ನು ಎತ್ತರದ ಭಯಕ್ಕೆ ಹೋಲಿಸುತ್ತಿರುವುದು ನಾನು, ಶಾಸ್ತ್ರಕಾರರಲ್ಲ. ಆದರೆ ವೈದ್ಯಶಾಸ್ತ್ರದ ಮಾತೂ ಇದಕ್ಕೆ ಹತ್ತಿರವಿದೆ. ನಾವು ನೆಟ್ಟಗೆ ನಿಲ್ಲುವುದು ಕಣ್ಣು, ಒಳಕಿವಿ, ಅಂಗಾಲು ಮೂರೂ ಕೂಡಿ ಕೊಡುವ ಸೂಚನೆಯಿಂದ. ಎತ್ತರದಲ್ಲಿ ಕಣ್ಣಿಗೆ ಸಮೀಪದ ಸ್ಥಿರವಸ್ತು ಸಿಗದಿದ್ದಾಗ ಶರೀರ ಹೆಚ್ಚು ತೂಗಾಡುತ್ತದೆ. ದೃಷ್ಟಿ ಹತ್ತಿರದ ಮೆಟ್ಟಿಲಲ್ಲಿ ನಿಂತರೆ ತೂಗಾಟ ತಗ್ಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಎತ್ತರಕ್ಕೆ ರೂಢಿ ಮಾಡಿಸುವುದೇ ವೈದ್ಯರು ಇಂದು ಹೇಳುವ ಚಿಕಿತ್ಸೆಯೂ ಹೌದು.

ಇನ್ನು ನಗುವವರ ವಿಷಯ. ಪೂಜ್ಯಪಾದ ಆಚಾರ್ಯರು ತತ್ತ್ವಾರ್ಥಸೂತ್ರದ ತಮ್ಮ ಟೀಕೆಯಾದ ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯದಲ್ಲಿ ಭಯಕರ್ಮದ ಆಸ್ರವಕ್ಕೆ ಎರಡು ಕಾರಣಗಳನ್ನು ಜೊತೆಯಾಗಿ ಇಡುತ್ತಾರೆ: ತಾನು ಭಯಪರಿಣಾಮದಲ್ಲಿರುವುದು, ಪರರಲ್ಲಿ ಭಯ ಹುಟ್ಟಿಸುವುದು. ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ನಡುಮಧ್ಯೆ ನಿಂತು, ಹಿಂದೆ ಬರುವ ಹೆಂಗಸರು ಮಕ್ಕಳು ಕಿರುಚಲೆಂದೇ ಹಲಗೆ ಅಲುಗಾಡಿಸುವ ಹುಡುಗರನ್ನು ಕಂಡಿದ್ದೇವೆ. ಕೆಳಗೆ ಘಟಪ್ರಭೆ 170 ಅಡಿಯಷ್ಟು ಆಳಕ್ಕೆ ಧುಮುಕುತ್ತಿರುತ್ತಾಳೆ. ಆಗ ಹಿಂದಿನವರು ಅನುಭವಿಸುವುದು ಹಳೆಯ ಕರ್ಮದ ಫಲವಾದರೆ, ಮುಂದಿನವನು ಅದೇ ಕರ್ಮವನ್ನು ಹೊಸದಾಗಿ ಕಟ್ಟಿಕೊಳ್ಳುತ್ತಿರುತ್ತಾನೆ. ಹೊಸದಾಗಿ ಕೆಲಸಕ್ಕೆ ಬಂದವನನ್ನು ಅಟ್ಟಣಿಗೆಯ ಮೇಲೆ ಹೆದರಿಸಿ ನಗುವ ಹಿರಿಯ ಕೆಲಸಗಾರರಿಗೂ ಇದೇ ಲೆಕ್ಕ. ಅಲ್ಲಂತೂ ಜೀವವೇ ಹೋಗಬಹುದು. ಅಭಯದಾನವೆಂದರೆ ಪಂಜರದ ಪಕ್ಷಿಯನ್ನು ಬಿಡಿಸುವುದಷ್ಟೇ ಅಲ್ಲ. ‘ಇಂದು ನೀನು ಕೆಳಗಿರು, ಹಗ್ಗ ಹಿಡಿ’ ಎಂದು ಅಂಥವನಿಗೆ ಮೇಸ್ತ್ರಿ ಹೇಳುವುದೂ ಆ ದಾನವೇ.

ಬೆಳಗೊಳದಲ್ಲಿ ಏರಲಾಗದವರಿಗೆ ಡೋಲಿಯುಂಟು. ಅದರಲ್ಲಿ ಕುಳಿತರೆ ಭಯ ಇಮ್ಮಡಿಯಾಗುವವರೂ ಉಂಟು. ಅಂಥವರನ್ನು ಎಳೆದುಕೊಂಡು ಹೋಗಬೇಡಿ. ಎದುರಿನ ಚಂದ್ರಗಿರಿ ಅಷ್ಟು ಎತ್ತರದ್ದಲ್ಲ, ಅಲ್ಲಿಂದಲೂ ಸ್ವಾಮಿಯ ಶಿರೋಭಾಗದ ದರ್ಶನವಾಗುತ್ತದೆ. ಚಾವುಂಡರಾಯನು ಬಾಣ ಬಿಟ್ಟು ಮೂರ್ತಿಯ ನೆಲೆಯನ್ನು ಗುರುತಿಸಿದ್ದು ಆ ಚಿಕ್ಕಬೆಟ್ಟದ ಮೇಲೆ ನಿಂತೇ ಎಂಬುದು ಐತಿಹ್ಯ.