ಪರಂಗಿಯಲ್ಲಿ ಉಂಗುರ ಚುಕ್ಕೆ ರೋಗದ ಹತೋಟಿ ಮತ್ತು ಹೆಚ್ಚು ಇಳುವರಿ

ಪರಂಗಿ ನೆಟ್ಟ ಒಂಬತ್ತು–ಹತ್ತು ತಿಂಗಳಲ್ಲಿ ಕೊಯ್ಲಿಗೆ ಬರುವ ಬೆಳೆ. ಆದರೆ ಕಾಯಿ ಕಚ್ಚುವ ಮೊದಲೇ ಉಂಗುರ ಚುಕ್ಕೆ ನಂಜುರೋಗ ತಗುಲಿದರೆ ಹಾಕಿದ ಹಣವೂ ಕೈಸೇರುವುದಿಲ್ಲ.

ರೋಗ ತಗುಲಿದ ಗಿಡದ ಎಳೆ ಎಲೆಗಳಲ್ಲಿ ಹಳದಿ ಮಚ್ಚೆಗಳು ಕಾಣಿಸಿಕೊಂಡು, ಎಲೆಗಳು ಕಿರಿದಾಗಿ ಮುದುಡುತ್ತವೆ. ಎಲೆತೊಟ್ಟು, ಕಾಂಡಗಳ ಮೇಲೆ ಎಣ್ಣೆ ಸವರಿದಂತಹ ಗೆರೆಗಳೂ ಕಾಯಿಗಳ ಮೇಲೆ ಉಂಗುರಗಳೂ ಮೂಡುತ್ತವೆ. ಹಣ್ಣಿನ ಸಿಹಿ ಕುಗ್ಗುತ್ತದೆ.

ಈ ನಂಜನ್ನು ಹರಡುವುದು ಸಸ್ಯಹೇನು. ಅದು ಪರಂಗಿಯ ಮೇಲೆ ನೆಲೆಸುವುದಿಲ್ಲ. ಹಾರಿ ಬಂದು, ಎಲೆಯನ್ನು ಚುಚ್ಚಿ ರುಚಿ ನೋಡಿ ಮುಂದಕ್ಕೆ ಹೋಗುತ್ತದೆ. ಆ ಕೆಲವು ಕ್ಷಣಗಳಲ್ಲೇ ನಂಜು ಗಿಡವನ್ನು ಸೇರುತ್ತದೆ. ಸಿಂಪಡಿಸಿದ ಕೀಟನಾಶಕ ಹೇನನ್ನು ಕೊಲ್ಲುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆದ್ದರಿಂದ ಬರೀ ಔಷಧಿಯನ್ನು ನಂಬುವಂತಿಲ್ಲ. ರೋಗದ ಗಿಡವನ್ನು ವಾಸಿಮಾಡುವ ಔಷಧಿಯೂ ಇಲ್ಲ. ಹವಾಯಿ ದ್ವೀಪಗಳಲ್ಲಿ 1998ರಲ್ಲಿ ಈ ನಂಜನ್ನು ತಡೆಯುವ ‘ರೈನ್‌ಬೋ’ ಎಂಬ ಕುಲಾಂತರಿ ತಳಿ ಬಿಡುಗಡೆಯಾಯಿತು. ಭಾರತದಲ್ಲಿ ಅಂತಹ ತಳಿ ಬೇಸಾಯಕ್ಕೆ ಬಂದಿಲ್ಲ. ರೋಗ ತಗುಲುವುದನ್ನು ಆದಷ್ಟು ಮುಂದೂಡುವುದೇ ಇಲ್ಲಿನ ರೈತರಿಗಿರುವ ದಾರಿ. ಅದಕ್ಕೆ ಈ ಕ್ರಮಗಳನ್ನು ಅನುಸರಿಸಬೇಕು:

1. ಸಸಿಗಳನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯೊಳಗೆ ಬೆಳೆಸಿ, 45–60 ದಿನಗಳ ಆರೋಗ್ಯವಂತ ಸಸಿಗಳನ್ನೇ ನೆಡಬೇಕು.

2. ನೆಡುವ ಒಂದು ತಿಂಗಳು ಮುಂಚೆ ಹೊಲದ ಸುತ್ತ ಎರಡು–ಮೂರು ಸಾಲು ಮುಸುಕಿನ ಜೋಳ ಬಿತ್ತಬೇಕು. ಹೇನು ಮೊದಲು ಜೋಳವನ್ನು ಚುಚ್ಚಿದರೆ ಅದರ ಬಾಯಿಯ ನಂಜು ಅಲ್ಲೇ ಕಳೆದುಹೋಗುತ್ತದೆ.

3. ಸೌತೆ, ಕುಂಬಳ, ಕಲ್ಲಂಗಡಿಗಳನ್ನು ಪರಂಗಿಯ ನಡುವೆಯಾಗಲಿ ಪಕ್ಕದಲ್ಲಾಗಲಿ ಬೆಳೆಯಬಾರದು. ನಂಜಿಗೂ ಹೇನಿಗೂ ಅವು ಆಸರೆ.

4. ರೋಗದ ಗಿಡ ಕಂಡೊಡನೆ ಕಿತ್ತು ಸುಡಬೇಕು ಇಲ್ಲವೇ ಹೂಳಬೇಕು.

5. ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 1.8 ಮೀಟರ್ ಅಂತರವಿರಲಿ. ಪ್ರತಿ ಗಿಡಕ್ಕೆ ವರ್ಷಕ್ಕೆ 250 ಗ್ರಾಂ ಸಾರಜನಕ, 250 ಗ್ರಾಂ ರಂಜಕ, 500 ಗ್ರಾಂ ಪೊಟ್ಯಾಷ್ ಅನ್ನು ಆರು ಸಮ ಕಂತುಗಳಲ್ಲಿ, ಎರಡು ತಿಂಗಳಿಗೊಮ್ಮೆ ಕೊಡಬೇಕು. ಬುಡದಲ್ಲಿ ನೀರು ನಿಂತರೆ ಬುಡಕೊಳೆ ರೋಗ ಬರುವುದರಿಂದ ಬಸಿಗಾಲುವೆ ಅಗತ್ಯ.

6. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯ, ಅರ್ಕಾ ಪ್ರಭಾತ್ ತಳಿಗಳಲ್ಲಿ ಗಂಡು ಗಿಡಗಳು ಬರುವುದಿಲ್ಲವಾದ್ದರಿಂದ ಎಲ್ಲ ಗಿಡಗಳೂ ಕಾಯಿ ಬಿಡುತ್ತವೆ. ರೆಡ್ ಲೇಡಿ ಮಿಶ್ರತಳಿಯ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ತಾಯಿಗುಣ ಉಳಿಯುವುದಿಲ್ಲ. ಪ್ರತಿ ಸಲವೂ ಹೊಸ ಬೀಜ ತರಬೇಕು.

ಒಂದು ತೋಟದಲ್ಲಿ ಬಿಟ್ಟ ರೋಗದ ಗಿಡ ನೆರೆಯ ತೋಟಗಳಿಗೂ ಮಾರಿ. ಆದ್ದರಿಂದ ಪರಂಗಿ ಬೆಳೆಯುವ ಅಕ್ಕಪಕ್ಕದ ರೈತರು ಒಟ್ಟಾಗಿ ಈ ಕ್ರಮಗಳನ್ನು ಕೈಗೊಂಡರೆ ಮಾತ್ರ ಪೂರ್ಣ ಫಲ ಸಿಗುತ್ತದೆ.