ಮುಟ್ಟು ನಿಲ್ಲುವ ಕಾಲದ ಎದೆಬಡಿತ, ತಳಮಳ

ಮುಟ್ಟು ನಿಲ್ಲುವ ಕಾಲಕ್ಕೆ ಮೈ ಬಿಸಿಯಾಗಿ ಬೆವರುವುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಬರುವ ಗಾಬರಿಯ ಬಗ್ಗೆ ಮಾತು ಕಡಿಮೆ. ರಾತ್ರಿ ಎರಡೋ ಮೂರೋ ಗಂಟೆಗೆ ಧಡಕ್ಕನೆ ಎಚ್ಚರವಾಗುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಒದ್ದೆಯಾಗುತ್ತದೆ, ಏನೋ ಕೆಟ್ಟದ್ದು ಆಗಲಿದೆ ಎಂಬ ಭಯ ಹೊಟ್ಟೆಯನ್ನು ಕಿವುಚುತ್ತದೆ. ಮನೆಯವರೆಲ್ಲ ಮಲಗಿದ್ದಾರೆ, ಹೆದರುವಂಥದ್ದು ಏನೂ ನಡೆದಿಲ್ಲ. ಬೆಳಗ್ಗೆ ಹೇಳಿಕೊಂಡರೆ ‘ಸುಮ್ಮನೆ ಏನೇನೋ ಯೋಚನೆ ಮಾಡ್ಬೇಡ’ ಎನ್ನುತ್ತಾರೆ. ಈ ಮಾತು ನೋಯಿಸುತ್ತದೆ, ಮೇಲಾಗಿ ತಪ್ಪು ಕೂಡ. ಇದು ಯೋಚನೆಯಿಂದ ಹುಟ್ಟಿದ್ದಲ್ಲ, ದೇಹದಲ್ಲಿ ಶುರುವಾದದ್ದು.

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ಋತುಬಂಧ. ಭಾರತದ ಹೆಂಗಸರಲ್ಲಿ ಇದು ಸರಾಸರಿ 46–47ರ ವಯಸ್ಸಿಗೆ ಬರುತ್ತದೆ. ಆದರೆ ತಳಮಳ ಹೆಚ್ಚಾಗಿ ಕಾಡುವುದು ಅದಕ್ಕೂ ಮುಂಚಿನ, ಮುಟ್ಟು ಹಿಂದುಮುಂದಾಗುವ ಕೆಲವು ವರ್ಷಗಳಲ್ಲಿ. ಆಗ ಈಸ್ಟ್ರೋಜೆನ್ ಮೆಲ್ಲಗೆ ಇಳಿಯುತ್ತ ಹೋಗುವುದಿಲ್ಲ, ಒಮ್ಮೆ ಏರಿ ಇನ್ನೊಮ್ಮೆ ಕುಸಿಯುತ್ತದೆ. ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್ ಕೂಡ ಅದರೊಂದಿಗೆ ಹೊಯ್ದಾಡುತ್ತದೆ. ಪ್ರೊಜೆಸ್ಟರಾನ್‌ನಿಂದ ಹುಟ್ಟುವ ಒಂದು ವಸ್ತು ಮಿದುಳನ್ನು ಶಾಂತವಾಗಿಡುತ್ತದೆ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಅದಕ್ಕೂ ಕೊರತೆ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಇದೆಲ್ಲ ಒಮ್ಮೆಲೇ ಆಗುವುದರಿಂದ ತೊಂದರೆ ಜೋರು.

ಅಡ್ರಿನಲಿನ್ ಕೆಲಸ ಮಾಡುವುದು ಇಲ್ಲಿಯೇ. ಮೂತ್ರಪಿಂಡಗಳ ಮೇಲೆ ಕೂತ ಪುಟ್ಟ ಗ್ರಂಥಿಗಳು ಅಪಾಯ ಕಂಡಾಗ ಇದನ್ನು ರಕ್ತಕ್ಕೆ ಬಿಡುತ್ತವೆ. ಹಾವು ಕಂಡವರ ಎದೆ ಹೊಡೆದುಕೊಳ್ಳುವುದು ಇದರಿಂದಲೇ. ಈಸ್ಟ್ರೋಜೆನ್ ಏರುಪೇರಾದಾಗ ಮೈಯ ಬಿಸಿಯನ್ನು ಕಾಯುವ ಮಿದುಳಿನ ಭಾಗ ಸಣ್ಣ ವ್ಯತ್ಯಾಸಕ್ಕೂ ಬೆಚ್ಚಿ, ತುರ್ತು ಸ್ಥಿತಿಗೆ ಮೀಸಲಾದ ನರಗಳನ್ನು ಎಬ್ಬಿಸಿಬಿಡುತ್ತದೆ. ಹಾವಿಲ್ಲದೆಯೂ ಎದೆ ಓಡತೊಡಗುತ್ತದೆ. ‘ಹಾರ್ಟ್ ಅಟ್ಯಾಕ್ ಇರಬಹುದೇ’ ಎಂದು ಮನಸ್ಸು ಹೆದರುತ್ತದೆ, ಆ ಹೆದರಿಕೆಯೇ ಇನ್ನಷ್ಟು ಅಡ್ರಿನಲಿನ್ ಸುರಿಸುತ್ತದೆ. ರಕ್ತದಲ್ಲಿ ಅಡ್ರಿನಲಿನ್ ಉಳಿಯುವುದು ಕೆಲವೇ ನಿಮಿಷ. ಹೊಸ ಭಯ ಸೇರದಿದ್ದರೆ ಅಲೆ ತಾನಾಗಿ ಇಳಿಯುತ್ತದೆ.

ಹಾಗೆಂದು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವಂತಿಲ್ಲ. ಥೈರಾಯ್ಡ್ ಹೆಚ್ಚಾದರೆ, ರಕ್ತ ಕಡಿಮೆಯಿದ್ದರೆ, ಸಕ್ಕರೆ ಇಳಿದರೆ, ಹೃದಯದ ಲಯ ತಪ್ಪಿದರೆ ಇವೇ ಲಕ್ಷಣಗಳು ಬರುತ್ತವೆ. ರಕ್ತಪರೀಕ್ಷೆ ಮತ್ತು ಇಸಿಜಿ ಒಮ್ಮೆ ಆಗಲೇಬೇಕು. ಎದೆ ಹಿಡಿದಂತಾಗಿ ನೋವು ದವಡೆಗೋ ಬೆನ್ನಿಗೋ ತೋಳಿಗೋ ಹರಡಿದರೆ, ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಯಲ್ಲಿ ಬೇರೇನೂ ಸಿಗದಿದ್ದವರಿಗೆ ಮೊದಲ ಆಸರೆ ಉಸಿರು. ಎದ್ದು ಕೂತು, ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ, ನಾಲ್ಕು ಎಣಿಸುವವರೆಗೆ ಉಸಿರೆಳೆದು ಆರು ಎಣಿಸುವವರೆಗೆ ಬಿಡಬೇಕು. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ಹೃದಯವನ್ನು ನಿಧಾನಿಸುವ ನರ ಚುರುಕಾಗುತ್ತದೆ. ಕಾಫಿಯ ಮೇಲೂ ಕಣ್ಣಿರಲಿ: ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲೇ ಇರುತ್ತದೆ. ಸಂಜೆ ಐದರ ಫಿಲ್ಟರ್ ಕಾಫಿ ರಾತ್ರಿ ಹತ್ತಕ್ಕೂ ಕೆಲಸ ಮಾಡುತ್ತಿರುತ್ತದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗಾಬರಿಯಾದ ದಿನಗಳಿಗೂ ಮುಟ್ಟಿನ ದಿನಗಳಿಗೂ ಒಂದು ಗುರುತು ಹಾಕಿಕೊಂಡರೆ ಎರಡು ಮೂರು ತಿಂಗಳಲ್ಲಿ ನಂಟು ಕಾಣಬಹುದು. ವೈದ್ಯರಿಗೂ ಅದು ತುಂಬ ಉಪಯುಕ್ತ.

ಇಷ್ಟಕ್ಕೂ ತಗ್ಗದಿದ್ದರೆ ಚಿಕಿತ್ಸೆಯಿದೆ. ಯೋಚನೆ–ನಡವಳಿಕೆಗಳನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಬಿಸಿ ಝಳದ ಕಾಟವನ್ನೂ ಗಾಬರಿಯನ್ನೂ ತಗ್ಗಿಸುತ್ತವೆ. ಹಾರ್ಮೋನ್ ಚಿಕಿತ್ಸೆ ಎಂದರೆ ಹಲವರಿಗೆ ಅಂಜಿಕೆ. ಅಮೆರಿಕದ ಒಂದು ದೊಡ್ಡ ಅಧ್ಯಯನದ 2002ರ ವರದಿ ಆ ಅಂಜಿಕೆ ಬಿತ್ತಿತು. ಮುಂದೆ ಅದೇ ಮಾಹಿತಿಯನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ ನೋಡಿದಾಗ, 60ರೊಳಗಿನ ಅಥವಾ ಮುಟ್ಟು ನಿಂತು 10 ವರ್ಷ ದಾಟದ ಆರೋಗ್ಯವಂತರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಕಂಡಿತು. ಆದರೆ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು ಬಂದವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಆದ್ದರಿಂದ ನಿರ್ಧಾರ ಸ್ತ್ರೀರೋಗ ತಜ್ಞರೊಂದಿಗೆ ಕೂತೇ ಆಗಬೇಕು.

ಆಸ್ಪತ್ರೆಗೆ ಹೋಗಲು ಹಿಂಜರಿಯುವವರಿಗೆ ಫೋನ್ ಇದೆ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರು ಗಂಟೆಗೂ ತೆರೆದಿರುತ್ತದೆ.