ನಿಮಗಿದು ಗೊತ್ತೇ? ಅಂತರಿಕ್ಷದ ಲೂಟಿಕೋರರಿಗೂ ನಮ್ಮೂರ ವೀರಗಲ್ಲಿಗೂ ಇರುವ ನಂಟು

ರಾಶಿ ಮುಗಿದು ಕಾಳು ಮನೆ ಸೇರುವ ಹೊತ್ತಿಗೆ ಸರಿಯಾಗಿ ಲೂಟಿಕೋರರು ಬರುತ್ತಾರೆ. ಊರವರು ಹೆದರುತ್ತಾರೆ, ಕಟ್ಟೆಯ ಮೇಲೆ ಕೂಡಿ ಮಾತಾಡುತ್ತಾರೆ, ಕಡೆಗೆ ನಾಲ್ಕಾರು ಗಟ್ಟಿಗರನ್ನು ಜೊತೆ ಮಾಡಿಕೊಂಡು ಎದುರು ನಿಲ್ಲುತ್ತಾರೆ. ಇಂದಿನ ಮಕ್ಕಳು ಈ ಕಥೆಯನ್ನು ನೋಡುವುದು ಬೇರೆ ಗ್ರಹದ ಮೇಲೆ, ಗಗನನೌಕೆಯಲ್ಲಿ ಬಂದಿಳಿಯುವ ಕಳ್ಳರ ಜೊತೆಗೆ. ಆದರೆ ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ, ಬ್ಯಾಹಟ್ಟಿ, ಕುಸುಗಲ್ಲ ಸುತ್ತಿನ ಎರೆಸೀಮೆಗೆ ಈ ಕಥೆ ಹೊಸದಲ್ಲ. ಬೆಳೆದ ಕಾಳನ್ನೂ ಕಟ್ಟಿದ ದನವನ್ನೂ ಕಾಯಲು ಊರು ಒಂದಾಗಿ ನಿಂತ ನೆನಪು ಕನ್ನಡ ನಾಡಿನ ಉದ್ದಕ್ಕೂ ಕಲ್ಲಿನಲ್ಲಿ ಉಳಿದಿದೆ.

ಬಾನಾಚೆಯ ಹೊಲಗಳು

★ 2010ರ ಏಪ್ರಿಲ್ 2ರಂದು ಪ್ರಸಾರವಾದ ‘ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್’ ಸರಣಿಯ ಒಂದು ಕಂತಿನಲ್ಲಿ ಫೆಲೂಷಿಯಾ ಎಂಬ ಗ್ರಹದ ರೈತರು ಔಷಧಿ ಸಸ್ಯ ಬೆಳೆಯುತ್ತಾರೆ. ಆ ಬೆಳೆಯ ಮೇಲೆ ಅಂತರಿಕ್ಷದ ದರೋಡೆಕೋರರ ಕಣ್ಣು. ರೈತರು ಗೊತ್ತು ಮಾಡಿಕೊಂಡ ನಾಲ್ವರು ಯೋಧರಿಗೆ ಜೆಡೈ ಎಂಬ ಪಂಗಡದ ಮೂವರು ಯೋಧರು ಕೂಡಿಕೊಂಡು ಒಟ್ಟು ಏಳು ಮಂದಿಯಾಗುತ್ತಾರೆ. ಊರವರ ಕೈಗೂ ಕೋಲು ಕೊಟ್ಟು ಕಾದಾಟ ಕಲಿಸುತ್ತಾರೆ.

★ ಆ ಕಂತನ್ನು ಅರ್ಪಿಸಿದ್ದು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾಗೆ. ಏಳರ ಲೆಕ್ಕ ಬಂದದ್ದೂ ಅವರ 1954ರ ‘ಸೆವೆನ್ ಸಮುರಾಯ್’ ಚಿತ್ರದಿಂದಲೇ.

★ 1980ರ ‘ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್’ ಚಿತ್ರದಲ್ಲಿ ದಾಳಿಗೆ ಸಿಕ್ಕ ಗ್ರಹದ ಹೆಸರು ಅಕಿರ್. ಅದೂ ಕುರೊಸಾವಾ ಅವರಿಗೆ ಸಲ್ಲಿಸಿದ ಗೌರವ. ಮುಂದೆ ‘ಟೈಟಾನಿಕ್’ ನಿರ್ದೇಶಿಸಿದ ಜೇಮ್ಸ್ ಕ್ಯಾಮರಾನ್ ಆಗ ಈ ಚಿತ್ರದ ಕಲಾ ವಿಭಾಗದಲ್ಲಿ ದುಡಿಯುತ್ತಿದ್ದ ಹುಡುಗ.

★ ರಾಬರ್ಟ್ ವಾನ್ ಎಂಬ ನಟ ಈ ಕಥೆಯಲ್ಲಿ ಎರಡು ಸಲ ಹಳ್ಳಿಗರ ಪರ ಹೋರಾಡಿದ್ದಾರೆ. 1960ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ನಲ್ಲಿ ಕುದುರೆಯೇರಿ, 1980ರಲ್ಲಿ ಗಗನನೌಕೆಯೇರಿ.

★ 2019ರ ‘ದಿ ಮ್ಯಾಂಡಲೋರಿಯನ್’ ಸರಣಿಯ ನಾಲ್ಕನೆಯ ಕಂತಿನಲ್ಲಿ ಹಳ್ಳಿಗರು ಕೊಳಗಳಲ್ಲಿ ಸಿಗಡಿಯಂಥ ಜೀವಿಗಳನ್ನು ಸಾಕಿ ಬದುಕುತ್ತಾರೆ. ಲೂಟಿಕೋರರ ಕೈಯಲ್ಲಿ ಎರಡು ಕಾಲಿನ ಮೇಲೆ ನಡೆಯುವ ಯುದ್ಧಯಂತ್ರ. ಹಳ್ಳಿಗರು ಕೊಳವನ್ನೇ ಆಳವಾಗಿ ತೋಡಿ ಅದನ್ನು ಕೆಡವುತ್ತಾರೆ. ಅನ್ನ ಕೊಡುವ ಕೊಳವೇ ಆಯುಧವಾಯಿತು.

★ ಪಿಕ್ಸಾರ್ ಸಂಸ್ಥೆಯ 1998ರ ‘ಎ ಬಗ್ಸ್ ಲೈಫ್’ ಚಿತ್ರದಲ್ಲಿ ರೈತರ ಜಾಗದಲ್ಲಿ ಇರುವೆಗಳು, ದರೋಡೆಕೋರರ ಜಾಗದಲ್ಲಿ ಮಿಡತೆಗಳು. ಅಲ್ಲಿಯೂ ಜಗಳ ಕೂಡಿಟ್ಟ ಕಾಳಿನದೇ.

ಒಂದು ಹೊತ್ತಿನ ಅನ್ನದ ಕೂಲಿ

★ ‘ಸೆವೆನ್ ಸಮುರಾಯ್’ ಹಳ್ಳಿಗರ ಬಳಿ ಕೊಡಲು ಹಣವಿಲ್ಲ. ಹಸಿದಿರುವ ಯೋಧರನ್ನೇ ಹುಡುಕಿ ಎನ್ನುತ್ತಾನೆ ಊರ ಹಿರಿಯ. ಯೋಧರಿಗೆ ಅಕ್ಕಿಯ ಅನ್ನ ಇಕ್ಕಿ, ತಾವು ಕಿರುಧಾನ್ಯ ಉಂಡು ರೈತರು ದಿನ ದೂಡುತ್ತಾರೆ.

★ ಆ ಚಿತ್ರದ ಬಾವುಟವನ್ನು ಗಮನಿಸಿ ನೋಡಿ. ಆರು ಯೋಧರಿಗೆ ಆರು ವೃತ್ತ, ರೈತ ಮನೆತನದಲ್ಲಿ ಹುಟ್ಟಿ ಯೋಧನಾದ ಏಳನೆಯವನಿಗೆ ಒಂದು ತ್ರಿಕೋನ, ಕೆಳಗೆ ಊರ ರೈತರೆಲ್ಲರ ಪರವಾಗಿ ಒಂದು ಅಕ್ಷರ. ರೈತರಿಲ್ಲದೆ ಬಾವುಟ ಪೂರ್ತಿಯಾಗುವುದಿಲ್ಲ.

★ ಏಳು ಯೋಧರಲ್ಲಿ ಕೊನೆಗೆ ಉಳಿಯುವವರು ಮೂವರು. ಚಿತ್ರ ಮುಗಿಯುವಾಗ ಹಳ್ಳಿಗರು ಹಾಡುತ್ತ ಭತ್ತದ ನಾಟಿ ಮಾಡುತ್ತಿರುತ್ತಾರೆ. ಗೆಲುವು ರೈತರದೇ ಹೊರತು ತಮ್ಮದಲ್ಲ ಎಂದು ಯೋಧರ ನಾಯಕನೇ ಒಪ್ಪುತ್ತಾನೆ.

★ ಇದೇ ಎಳೆಯನ್ನು ಹಿಡಿದು ಬೆಳೆದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆ ಕಂಡಿತು. ರಾಮ್‌ಗಢ ಎಂಬ ಆ ಹಳ್ಳಿಯನ್ನು ಕಟ್ಟಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ದರೋಡೆಕೋರ ಗಬ್ಬರ್‌ನ ಜನ ಊರಿಗೆ ಬರುವುದೂ ಕಾಳು ಕೇಳಿಕೊಂಡೇ.

★ ‘ಶೋಲೆ’ಯ ತಿರುವು ಗುಂಡಿನ ಕಾಳಗದಲ್ಲಿಲ್ಲ. ಹೆದರಿದ ಊರವರು ತಮ್ಮನ್ನು ಕಾಯಲು ಬಂದ ಜೈ, ವೀರುವನ್ನು ಬಿಟ್ಟುಕೊಡಲು ಮುಂದಾದಾಗ, ಮಗನನ್ನು ಕಳೆದುಕೊಂಡ ಕುರುಡ ಇಮಾಮ್ ಸಾಹೇಬರು ಆಡುವ ನಾಲ್ಕು ಮಾತು ಇಡೀ ಊರನ್ನು ನೆಟ್ಟಗೆ ನಿಲ್ಲಿಸುತ್ತದೆ.

★ ಚಿತ್ರೀಕರಣ ನಡೆದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ರಕ್ಷಿತ ಧಾಮ.

ಕೋಳಿವಾಡದ ಕವಿ, ವಿರಾಟನ ದನ

★ ಕುಮಾರವ್ಯಾಸನ ಊರು ಕೋಳಿವಾಡ. ಸುಳ್ಳ ಇರುವ ಹುಬ್ಬಳ್ಳಿ ತಾಲ್ಲೂಕಿನದೇ ಹಳ್ಳಿ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಅವನು ರಚಿಸಿದ ಭಾರತದ ವಿರಾಟಪರ್ವದಲ್ಲಿ ಬರುವ ಗೋಗ್ರಹಣ ಇದೇ ಜಾತಿಯ ಕಥೆ. ದನ ಹೊಡೆದುಕೊಂಡು ಹೋಗಲು ದೊಡ್ಡ ದಂಡೇ ಬರುತ್ತದೆ. ಅಡುಗೆಯವನಾಗಿ, ನಾಟ್ಯ ಕಲಿಸುವವನಾಗಿ, ಕುದುರೆ, ದನ ಕಾಯುವವರಾಗಿ ಮರೆಯಲ್ಲಿದ್ದ ಪಾಂಡವರು ಊಟ ಹಾಕಿದ ವಿರಾಟನ ನಾಡಿಗಾಗಿ ಹೊರಬರುತ್ತಾರೆ.

★ ದಾಳಿ ಎರಡು ದಿಕ್ಕಿನಿಂದ. ತೆಂಕಲಲ್ಲಿ ತ್ರಿಗರ್ತದ ಸುಶರ್ಮ, ಬಡಗಲಲ್ಲಿ ಕೌರವರು. ಒಂದು ಕಡೆ ದಂಡು ಹೋದಾಗ ಇನ್ನೊಂದು ಕಡೆ ನುಗ್ಗುವ ಉಪಾಯ.

★ ಮಳೆ ಹಿಂದೆಗೆದರೆ ವಿರಾಟಪರ್ವ ಓದಿಸುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ದನ ಮರಳಿ ಬಂದ ಕಥೆ ಕೇಳುತ್ತ ರೈತ ಮುಗಿಲು ನೋಡುತ್ತಾನೆ.

ಎರೆಸೀಮೆಯ ಕಾವಲು

★ ಧಾರವಾಡ, ಗದಗ, ಕೊಪ್ಪಳ ಕಡೆಯ ಹಳೆಯ ಊರುಗಳ ನಡುವೆ ಕಲ್ಲು ಮಣ್ಣಿನ ದುಂಡನೆಯ ಎತ್ತರದ ಕಟ್ಟಡ ಕಾಣುತ್ತದೆ. ಅದೇ ಹುಡೇವು. ಬಯಲುಸೀಮೆಯಲ್ಲಿ ಗುಡ್ಡದ ಮರೆಯಿಲ್ಲ. ಹುಡೇವಿನ ಮೇಲೆ ನಿಂತವನಿಗೆ ದೂರದ ಕುದುರೆಗಳ ಧೂಳು ಮೊದಲೇ ಕಾಣುತ್ತಿತ್ತು. ಕೂಗು ಬಿದ್ದರೆ ಹೊಲದಲ್ಲಿದ್ದವರು ಊರು ಸೇರುತ್ತಿದ್ದರು, ಅಗಸಿ ಬಾಗಿಲು ಮುಚ್ಚುತ್ತಿತ್ತು.

★ ಕಾಳು ಕಾಯುವ ಜಾಣತನ ನೆಲದ ಕೆಳಗಿತ್ತು. ಹಗೇವು ಎಂದರೆ ಬಾಯಿ ಸಣ್ಣ, ಹೊಟ್ಟೆ ದೊಡ್ಡದಾದ ನೆಲಗುಂಡಿ. ಒಳಸುತ್ತಿಗೆ ಜೋಳದ ದಂಟು, ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಬಂಡೆ ಇಟ್ಟು ಮಣ್ಣು ಮೆತ್ತಿದರೆ ಮೇಲೆ ನಡೆದಾಡುವ ಪರಊರಿನವನಿಗೆ ಸುಳಿವೇ ಸಿಗದು.

★ ಹಗೇವಿನ ಜೋಳ ವರ್ಷಗಟ್ಟಲೆ ಕೆಡದಿರಲು ಕಾರಣ ಕಾಳಿನ ಉಸಿರು. ಮುಚ್ಚಿದ ಗುಂಡಿಯಲ್ಲಿ ಕಾಳು ಆಮ್ಲಜನಕ ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳು ಹುಪ್ಪಡಿ ಬದುಕುವುದಿಲ್ಲ. ಆ ಗಾಳಿ ಮನುಷ್ಯನಿಗೂ ಮೃತ್ಯು. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ.

★ ತಳವಾರನ ಕಾವಲಿಗೆ ಊರು ಕೊಡುತ್ತಿದ್ದದ್ದು ರಾಶಿಯ ಕಣದಲ್ಲಿ ಅಳೆದ ಕಾಳಿನ ಆಯ. ಅನ್ನಕ್ಕೆ ಪ್ರತಿಯಾಗಿ ರಕ್ಷಣೆ ಎಂಬ ಒಪ್ಪಂದ ಸಮುರಾಯ್ ಚಿತ್ರಕ್ಕಿಂತ ಬಹು ಹಿಂದೆಯೇ ನಮ್ಮ ಕಣದಲ್ಲಿತ್ತು.

★ ಕಿತ್ತೂರು ಸಂಸ್ಥಾನದ ಶೇತಸನದಿಗಳು ಸನದು ಪಡೆದ ಹೊಲವನ್ನು ಉಂಡು, ಕರೆ ಬಂದಾಗ ಕತ್ತಿ ಹಿಡಿಯುವವರು. ಸಂಗೊಳ್ಳಿ ರಾಯಣ್ಣನ ಹಿಂದೆ ನಿಂತವರಲ್ಲಿ ಇಂಥ ರೈತಯೋಧರಿದ್ದರು.

★ ಕುದುರೆಯೇರಿ ಊರೂರು ದೋಚುತ್ತಿದ್ದ ಪೆಂಡಾರಿಗಳ ಹಾವಳಿ ಮುಗಿದದ್ದು 1817-18ರ ಯುದ್ಧದಲ್ಲಿ. ಅವರ ಹೆಸರಾಂತ ಮುಖಂಡ ಚೀತು ಕಾಡಿನಲ್ಲಿ ಹುಲಿಯ ಬಾಯಿಗೆ ಬಿದ್ದು ಸತ್ತ.

ಕಲ್ಲಿನಲ್ಲಿ ಉಳಿದವರು

★ ದನ ಹೊಡೆದುಕೊಂಡು ಹೋಗುವ ದಾಳಿಗೆ ಶಾಸನಗಳಲ್ಲಿ ತುರುಗೋಳ್ ಎಂಬ ಹೆಸರು. ಊರಿಗೇ ಕೇಡು ಬಂದರೆ ಊರಳಿವು. ಹೆಣ್ಣುಮಕ್ಕಳ ಮೇಲೆ ಕೈ ಹಾಕಿದಾಗ ಏಳುವ ಮೊರೆ ಪೆಣ್ಬುಯ್ಯಲ್. ಈ ಮೂರಕ್ಕೂ ಎದುರು ನಿಂತು ಮಡಿದವರ ವೀರಗಲ್ಲುಗಳು ನಾಡಿನ ತುಂಬ ಇವೆ.

★ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ತುರುಗೋಳಾದರೆ ಅಲ್ಲೇ ಸಾಲಾಗಿ ದನಗಳು. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗದ ಮುಂದೆ ವೀರ. ತುದಿಯಲ್ಲಿ ಸೂರ್ಯ, ಚಂದ್ರ.

★ ಮಡಿದವನ ಮನೆಯವರನ್ನು ಊರು, ಅರಸು ಕೈಬಿಡುತ್ತಿರಲಿಲ್ಲ. ಅವರ ಬದುಕಿಗೆಂದು ಬಿಡುತ್ತಿದ್ದ ಭೂಮಿಯೇ ನೆತ್ತರುಗೊಡಗೆ.

★ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಲ್ಲು ಸುಮಾರು ಕ್ರಿ.ಶ. 750ರದು. ಗಂಗರ ಶ್ರೀಪುರುಷನ ಕಾಲದಲ್ಲಿ ದಾಳಿಗೆ ಎದುರಾಗಿ ಮಡಿದ ಕಿತ್ತಯ್ಯನ ಹೆಸರು ಅದರಿಂದಲೇ ನಮಗೆ ಸಿಕ್ಕಿತು.

★ ನಾಯಿಗೂ ವೀರನ ಮನ್ನಣೆ ಕೊಟ್ಟ ನಾಡು ಇದು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಆತಕೂರಿನ ಕಲ್ಲು (ಕ್ರಿ.ಶ. 949-50) ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

★ ಇಂಥ ಕಲ್ಲುಗಳ ಬಗೆಗಿನ ಮಹತ್ವದ ಗ್ರಂಥವೊಂದು ಪ್ರಕಟವಾದದ್ದು ಧಾರವಾಡದಿಂದಲೇ. ಷ. ಶೆಟ್ಟರ್ ಮತ್ತು ಜರ್ಮನ್ ವಿದ್ವಾಂಸ ಗುಂಥರ್ ಸೋಂಥೈಮರ್ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ ಅನ್ನು ಕರ್ನಾಟಕ ವಿಶ್ವವಿದ್ಯಾಲಯದ ಭಾರತೀಯ ಕಲಾ ಇತಿಹಾಸ ಸಂಸ್ಥೆ 1982ರಲ್ಲಿ ಹೊರತಂದಿತು.

★ ವೀರಗಲ್ಲುಗಳಲ್ಲಿ ಅರಸರಿಗಿಂತ ಹೆಚ್ಚಾಗಿ ಸಿಗುವವರು ಸಾಮಾನ್ಯರು. ದನಗಾಹಿ, ಊರಗೌಡ, ಕಾವಲಿನವ, ಒಕ್ಕಲಿಗ. ಇವರ ಹೆಸರು ಯಾವ ರಾಜಚರಿತೆಯಲ್ಲೂ ಇಲ್ಲ, ಕಲ್ಲಿನಲ್ಲಷ್ಟೇ ಇದೆ.

ಅಂತರಿಕ್ಷದ ಕಥೆಯನ್ನು ಕಣ್ಣರಳಿಸಿ ನೋಡುವ ಮಕ್ಕಳಿಗೆ ಒಂದು ದಿನ ಊರ ವೀರಗಲ್ಲನ್ನೂ ತೋರಿಸಿ. ಅದು ಬಟ್ಟೆ ಒಗೆಯುವ ಕಲ್ಲಾಗಿದ್ದರೆ ಎತ್ತಿ ನಿಲ್ಲಿಸಿ. ಬಣ್ಣ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತದೆ. ಗುಡಿ ಕಟ್ಟುವಾಗ, ರಸ್ತೆ ಅಗೆಯುವಾಗ ಹೊಸ ಕಲ್ಲು ಸಿಕ್ಕರೆ ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೋ ತಿಳಿಸಿ. ನಮ್ಮ ಕಾಳು, ದನ, ಮಾನ ಕಾಯಲು ಪ್ರಾಣ ಕೊಟ್ಟವರ ಹೆಸರು ಕಾಯುವುದು ಈಗ ನಮ್ಮ ಪಾಳಿ.